ದೀರ್ಘರೋಗಿಯೂ ಔಷಧತ್ಯಾಗವೂ

(ಶ್ರೀಮಠದ ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಆರೋಗ್ಯಗೋಷ್ಠಿಯಲ್ಲಿ, ಮಠದ ಶಿಷ್ಯರೂ ನಿವೃತ್ತ ಗಣಿತ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣ)



ಸಮಾರಂಭದ ವ್ಯವಸ್ಥಾಪಕರು ನನಗೆ ಅರ್ಧ ತಾಸಿನ ಕಾಲವನ್ನು ಕೊಟ್ಟಿರುವರು. ನಾನು ಕುಳಿತುಕೊಂಡೇ ಮಾತನಾಡುವದಕ್ಕೆ ಸನ್ನಿಧಿಯವರ ಅಪ್ಪಣೆಯಾಗಿದೆ. ಇಲ್ಲಿಗೆ ಬರುವ ಮುಕ್ಕಾಲು ತಾಸು ಮೊದಲು ಒಂದು ಗುಳಿಗೆಯನ್ನು ಸೇವಿಸಿ ಬಂದಿರುವೆನು. ಆ ಗುಳಿಗೆಯ ಬಲದಿಂದಲೇ ಈ ಧ್ವನಿಯು ನಿಮ್ಮ ಕಿವಿಗೆ ಮುಟ್ಟುತ್ತಿರುವದು. ಮಧ್ಯದಲ್ಲಿ ನನ್ನ ಮಾತು ಮೂಗಿನಿಂದ ಬರತೊಡಗಿದರೆ ತಾವು ಗಾಬರಿಯಾಗಬೇಕಾದುದಿಲ್ಲ. ಒಂದೆರಡು ನಿಮಿಷ ಸುಮ್ಮನಿದ್ದು ಮುಂದುವರಿಸುವೆನು.

ನಾನು ವೈದ್ಯನಲ್ಲ. ಮೂವತ್ತು ವರ್ಷಗಳಿಗಿಂತ ಹೆಚ್ಚುಕಾಲ ಮಕ್ಕಳಿಗೆ ಲೆಕ್ಕ ಕಲಿಸಿದವನು. ಆದರೂ ಈ ಗೋಷ್ಠಿಯಲ್ಲಿ ಮಾತನಾಡಲು ನನ್ನನ್ನು ಕರೆದಿರುವದಕ್ಕೆ ಕಾರಣವೇನೆಂದರೆ, ವೈದ್ಯರು ಕೊಟ್ಟ ಔಷಧವನ್ನು ನಾನು ಒಮ್ಮೆ ಯಾರಿಗೂ ಹೇಳದೆ ಬಿಟ್ಟೆನು, ಬಿಟ್ಟದ್ದರ ಫಲವನ್ನು ಉಂಡೆನು, ಉಂಡು ಬದುಕಿಕೊಂಡೆನು. ಹಾಗೆ ಬದುಕದೆ ಹೋದವರು ಇಲ್ಲಿಗೆ ಬಂದು ಹೇಳುವಂತಿಲ್ಲ. ಆದ ಕಾರಣ ಹೇಳುವ ಭಾರವು ನನ್ನ ಮೇಲೆ ಬಿದ್ದಿರುವದೆಂದು ಭಾವಿಸಿ ಈ ಕೆಲಸಕ್ಕೆ ಒಪ್ಪಿದೆನು.

ನನ್ನ ರೋಗದ ಹೆಸರು ಮಯಸ್ತೇನಿಯಾ ಗ್ರ್ಯಾವಿಸ್. ಸ್ನಾಯುಗಳು ಬೇಗನೆ ದಣಿದು ಸೋಲುವ ರೋಗವಿದು. ೨೦೧೨ನೆಯ ಇಸವಿಯ ಮಳೆಗಾಲದಲ್ಲಿ ಇದು ನನ್ನಲ್ಲಿ ತಲೆದೋರಿತು. ಆಗ ನನಗೆ ಐವತ್ತೆಂಟು ವಯಸ್ಸು. ಮುಂಜಾನೆ ಎಲ್ಲವೂ ಸರಿಯಾಗಿರುತ್ತಿತ್ತು. ಸಂಜೆಗೆ ಎಡಗಣ್ಣಿನ ರೆಪ್ಪೆಯು ತಾನಾಗಿಯೇ ಇಳಿಬೀಳುತ್ತಿತ್ತು. ಇದೇ ಮಠದಲ್ಲಿ ಸಂಜೆಯ ಮಂಗಳಾರತಿಗೆ ನಿಂತಾಗ ಒಂದು ದೀಪವು ನನಗೆ ಎರಡಾಗಿ ಕಾಣುತ್ತಿತ್ತು. ಊಟಕ್ಕೆ ಕುಳಿತರೆ ಮೊದಲನೆಯ ರೊಟ್ಟಿಯನ್ನು ಸುಖವಾಗಿ ತಿಂದವನು ಎರಡನೆಯದನ್ನು ಅಗಿಯಲಾರದೆ ಗದ್ದಕ್ಕೆ ಕೈಕೊಟ್ಟು ಕುಳಿತುಕೊಳ್ಳುತ್ತಿದ್ದೆನು. ವರ್ಗದಲ್ಲಿ ಒಂದನೆಯ ತಾಸಿನಲ್ಲಿ ಇದ್ದ ಧ್ವನಿಯು ನಾಲ್ಕನೆಯ ತಾಸಿನಲ್ಲಿ ಇರುತ್ತಿರಲಿಲ್ಲ. ಹುಡುಗರು ನಕ್ಕರು. ಹಿರಿಯರು ಚಾಳೀಸು ಬದಲಿಸಿರೆಂದರು. ಮನೆಯವರು ದೃಷ್ಟಿ ತೆಗೆದರು. ಕೆಲವರು ನಿವೃತ್ತಿ ಹತ್ತಿರ ಬಂದುದರಿಂದ ಮಾಸ್ತರರಿಗೆ ಮೈಗಳ್ಳತನ ಬಂದಿದೆಯೆಂದು ಆಡಿಕೊಂಡರು. ವಿಶ್ರಾಂತಿ ತೆಗೆದುಕೊಂಡರೆ ಬಲವು ತಿರುಗಿ ಬರುತ್ತಿದ್ದುದರಿಂದ ಅವರ ಮಾತು ನನಗೂ ನಿಜವೆನಿಸಿತ್ತು. ಸುಮಾರು ಒಂದು ವರ್ಷ ಕಳೆದ ಮೇಲೆ ದೊಡ್ಡ ಊರಿನ ನರರೋಗ ತಜ್ಞರೊಬ್ಬರು ರಕ್ತವನ್ನು ಪರೀಕ್ಷಿಸಿ, ನರಕ್ಕೆ ಮೇಲಿಂದ ಮೇಲೆ ವಿದ್ಯುತ್ತಿನ ಸ್ಪರ್ಶಕೊಟ್ಟು ಸ್ನಾಯುವು ಹೇಗೆ ಸೋಲುವದೆಂದು ಅಳೆದು, ರೋಗದ ಹೆಸರನ್ನು ಹೇಳಿದರು.

ಅವರು ನನಗೆ ತಿಳಿಸಿಕೊಟ್ಟುದನ್ನು ನಾನು ನಿಮಗೆ ತಿಳಿಸುವೆನು. ಏತಕ್ಕೆಂದರೆ ರೋಗದ ಮರ್ಮವು ತಿಳಿಯದ ಹೊರತು ಔಷಧವನ್ನು ಬಿಡುವದರ ಅಪಾಯವು ತಿಳಿಯಲಾರದು.

ನಾವು ಕೈಯನ್ನು ಎತ್ತಬೇಕೆಂದು ಬಯಸಿದಾಗ ಮೆದುಳಿನ ಅಪ್ಪಣೆಯು ನರದ ಮೂಲಕ ಹರಿದುಬಂದು ನರದ ತುದಿಯನ್ನು ಮುಟ್ಟುತ್ತದೆ. ನರಕ್ಕೂ ಸ್ನಾಯುವಿಗೂ ನಡುವೆ ಅತಿಸೂಕ್ಷ್ಮವಾದ ಒಂದು ಸಂದು ಇರುವದು. ಅಪ್ಪಣೆಯು ಆ ಸಂದನ್ನು ದಾಟುವದಕ್ಕೆ ಅಸೆಟೈಲ್‌ಕೋಲಿನ್ ಎಂಬ ದ್ರವ್ಯವು ದೂತನಾಗಿ ಹೊರಡುತ್ತದೆ. ಸ್ನಾಯುವಿನ ಮೇಲೆ ಆ ದೂತನನ್ನು ಬರಮಾಡಿಕೊಳ್ಳುವ ಬಾಗಿಲುಗಳಿರುತ್ತವೆ. ದೂತನು ಬಾಗಿಲು ಮುಟ್ಟಿದೊಡನೆ ಸ್ನಾಯುವು ಸಂಕೋಚಗೊಳ್ಳುವದು. ದೂತನ ಕೆಲಸ ಮುಗಿದ ಕೂಡಲೆ ಅವನನ್ನು ಒಡೆದುಹಾಕುವ ಇನ್ನೊಂದು ದ್ರವ್ಯವೂ ಅಲ್ಲಿಯೇ ಇರುವದು. ಈಗ ನನ್ನಂಥವನ ದೇಹದಲ್ಲಿ ಆಗುವದೇನು? ರೋಗಾಣುಗಳನ್ನು ಎದುರಿಸಬೇಕಾದ ಕಾವಲು ಪಡೆಯು ದಾರಿತಪ್ಪಿ, ಆ ಬಾಗಿಲುಗಳನ್ನೇ ವೈರಿಗಳೆಂದು ತಿಳಿದು ಮುಚ್ಚುತ್ತದೆ, ಮುರಿಯುತ್ತದೆ. ದೂತನು ಬರುತ್ತಾನೆ, ಬಾಗಿಲುಗಳು ಸಾಲವು. ಮೊದಲ ಕೆಲವು ಅಪ್ಪಣೆಗಳು ನಡೆಯುತ್ತವೆ, ಆಮೇಲಿನವು ನಡೆಯಲಾರವು. ಮೊದಲನೆಯ ರೊಟ್ಟಿಗೂ ಎರಡನೆಯ ರೊಟ್ಟಿಗೂ ಇದ್ದ ಅಂತರವು ಇದೇ.

ಈ ರೋಗಕ್ಕೆ ಕೊಡುವ ಔಷಧಗಳು ಮುಖ್ಯವಾಗಿ ಎರಡು ಬಗೆ. ಒಂದನೆಯ ಬಗೆಯದು ಪಿರಿಡೊಸ್ಟಿಗ್ಮಿನ್. ಇದು ದೂತನನ್ನು ಒಡೆಯುವ ದ್ರವ್ಯದ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ದೂತನು ಇನ್ನಷ್ಟು ಹೊತ್ತು ಬಾಗಿಲ ಬಳಿ ನಿಂತು ಅಪ್ಪಣೆಯನ್ನು ಮುಟ್ಟಿಸುತ್ತಾನೆ. ಇದರ ಗುಣವು ಅರ್ಧ-ಮುಕ್ಕಾಲು ತಾಸಿನಲ್ಲಿ ಕಾಣಿಸಿಕೊಂಡು ಮೂರು ನಾಲ್ಕು ತಾಸು ಇರುತ್ತದೆ. ರೋಗದ ಬೇರನ್ನು ಮುಟ್ಟಲಾರದು. ಎರಡನೆಯ ಬಗೆಯವು ಪ್ರೆಡ್ನಿಸೊಲೋನ್, ಅಜಥಯೊಪ್ರಿನ್ ಮೊದಲಾದವು. ಇವು ದಾರಿತಪ್ಪಿದ ಕಾವಲು ಪಡೆಯನ್ನು ಹದ್ದಿನಲ್ಲಿಡುತ್ತವೆ. ಇವುಗಳ ಗುಣವು ನಿಧಾನ. ಪ್ರೆಡ್ನಿಸೊಲೋನಿಗೆ ವಾರಗಳು ಬೇಕು. ಅಜಥಯೊಪ್ರಿನ್ ಪೂರ್ತಿ ಫಲಕೊಡಬೇಕಾದರೆ ವರ್ಷವೇ ಆದೀತು.

ಬಂಧುಗಳೇ, ಈ ನಿಧಾನವೆಂಬ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿರಿ. ನನ್ನ ಕಥೆಯ ಗಂಟು ಅದರಲ್ಲಿಯೇ ಇದೆ. ನಿಧಾನವಾಗಿ ಗುಣಕೊಡುವ ಔಷಧವು, ಬಿಟ್ಟಾಗ ನಿಧಾನವಾಗಿಯೇ ಕೇಡನ್ನು ತೋರಿಸುತ್ತದೆ. ಈ ಹೊತ್ತು ಬಿಟ್ಟರೆ ನಾಳೆ ಏನೂ ಆಗದು. ಏನೂ ಆಗದುದನ್ನು ಕಂಡು ರೋಗಿಯು, ಔಷಧವು ಬೇಡವಾಗಿತ್ತೆಂದು ತೀರ್ಮಾನಿಸುತ್ತಾನೆ.

ಈ ಔಷಧಗಳು ಸುಲಭವಾಗಿ ದೊರೆತವುಗಳಲ್ಲ. ೧೬೭೨ರಷ್ಟು ಹಿಂದೆಯೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯನು, ಸರಾಗವಾಗಿ ಮಾತನಾಡಲು ತೊಡಗಿ ಬಹಳ ಹೊತ್ತು ಮಾತನಾಡಿದ ಬಳಿಕ ಮಾತೇ ಹೊರಡದಂತಾಗುತ್ತಿದ್ದ ಒಬ್ಬ ಹೆಂಗಸಿನ ಸಂಗತಿಯನ್ನು ಬರೆದಿಟ್ಟನು. ೧೮೯೫ರಲ್ಲಿ ಜರ್ಮನಿಯ ಫ್ರೀಡ್ರಿಖ್ ಯೋಲಿ ಎಂಬವನಿಂದ ರೋಗಕ್ಕೆ ಇಂದಿನ ಹೆಸರು ಬಂದಿತು. ಹೆಸರು ಬಂದಿತೇ ಹೊರತು ಮದ್ದು ಬರಲಿಲ್ಲ. ೧೯೩೪ರಲ್ಲಿ ಇಂಗ್ಲೆಂಡಿನ ಗ್ರೀನಿಚ್ಚಿನ ಒಂದು ಸಾಧಾರಣ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದ ಮೇರಿ ವಾಕರ್ ಎಂಬ ವೈದ್ಯೆಯು, ಕ್ಯುರಾರೆ ಎಂಬ ಬಾಣವಿಷವು ಮೈಗೇರಿದವರ ಲಕ್ಷಣಕ್ಕೂ ಈ ರೋಗಿಗಳ ಲಕ್ಷಣಕ್ಕೂ ಹೋಲಿಕೆಯಿರುವದನ್ನು ಕಂಡು, ಆ ವಿಷಕ್ಕೆ ಪ್ರತಿಯಾದ ಫೈಸೊಸ್ಟಿಗ್ಮಿನ್ ಎಂಬ ಮದ್ದನ್ನು ಚುಚ್ಚಿ ನೋಡಿದಳು. ಇಳಿಬಿದ್ದ ರೆಪ್ಪೆಗಳು ಮೇಲೆದ್ದವು. ನಾನು ಸೇವಿಸಿ ಬಂದ ಗುಳಿಗೆಯು ಆ ಮದ್ದಿನ ವಂಶದ್ದು. ೧೯೫೦ರ ದಶಕದಲ್ಲಿ ಬಳಕೆಗೆ ಬಂದಿತು. ೧೯೬೦ರಲ್ಲಿ ಸ್ಕಾಟ್ಲೆಂಡಿನ ಜಾನ್ ಸಿಂಪ್ಸನ್ ಎಂಬ ವೈದ್ಯನು, ಇದು ದೇಹವು ತನ್ನ ಮೇಲೆ ತಾನೇ ಹೂಡಿದ ಯುದ್ಧವಾಗಿರಬೇಕೆಂದು ಊಹಿಸಿದನು. ೧೯೭೩ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬ ಅಮೇರಿಕದ ವಿಜ್ಞಾನಿಗಳು ಮೊಲಗಳ ಮೇಲೆ ಪ್ರಯೋಗಮಾಡಿ ಆ ಊಹೆಗೆ ಆಧಾರ ಕೊಟ್ಟರು. ಇಷ್ಟು ಜನರ ಇಷ್ಟು ವರ್ಷಗಳ ಕಾಯಕದ ಫಲವನ್ನು ನಾನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟೆನು. ಅದು ಹೇಗೆಂಬದನ್ನು ಈಗ ಹೇಳುವೆನು.

ಔಷಧವನ್ನು ತಪ್ಪದೆ ಸೇವಿಸಿದ ಎರಡೂವರೆ ವರ್ಷಗಳಲ್ಲಿ ನಾನು ಬಹಳ ಮಟ್ಟಿಗೆ ಗುಣಹೊಂದಿದೆನು. ದೀಪವು ಒಂದಾಗಿ ಕಂಡಿತು. ಧ್ವನಿಯು ತಿರುಗಿ ಬಂದಿತು. ಪಿರಿಡೊಸ್ಟಿಗ್ಮಿನನ್ನು ಬೇಕೆನಿಸಿದಾಗ ಮಾತ್ರ ತೆಗೆದುಕೊಂಡರೆ ಸಾಕೆಂದು ವೈದ್ಯರು ಹೇಳಿದರು. ನನಗೆ ಅದು ಬೇಕೆನಿಸಲೇ ಇಲ್ಲ. ದಿನಕ್ಕೆ ಪ್ರೆಡ್ನಿಸೊಲೋನ್ ೨೦ ಮಿಲಿಗ್ರಾಮಿನ ಒಂದು ಗುಳಿಗೆ, ಅಜಥಯೊಪ್ರಿನ್ ೫೦ ಮಿಲಿಗ್ರಾಮಿನ ಮೂರು ಗುಳಿಗೆ, ಹೀಗೆ ನಾಲ್ಕು ಉಳಿದವು.

ಆದರೆ ಆ ನಾಲ್ಕು ನನಗೆ ಭಾರವಾಗತೊಡಗಿದವು. ಮೋರೆಯು ಊದಿ ಗುಂಡಗಾಯಿತು. ರಕ್ತದಲ್ಲಿ ಸಕ್ಕರೆ ಏರಿತು. ರಾತ್ರಿ ನಿದ್ರೆ ಬಾರದು. ಮೇಲಿಂದ ಮೇಲೆ ರಕ್ತಪರೀಕ್ಷೆಗಾಗಿ ದೂರದ ಊರಿಗೆ ಹೋಗಬೇಕು. ಹೋದ ದಿನವೆಲ್ಲ ಅಲ್ಲಿಯೇ ಕಳೆಯಬೇಕು. ನಿವೃತ್ತಿವೇತನದೊಳಗೆ ಅದರ ವೆಚ್ಚವನ್ನು ತೂಗಿಸಬೇಕು. ಕಂಡವರೆಲ್ಲ, "ಮಾಸ್ತರರು ಚೆನ್ನಾಗಿ ಮೈತುಂಬಿಕೊಂಡಿರುವಿರಿ, ಇನ್ನೂ ಗುಳಿಗೆ ಏತಕ್ಕೆ?" ಎನ್ನುವರು. ಇವೆಲ್ಲ ನಿಜವಾದ ಕಷ್ಟಗಳೇ. ಔಷಧವನ್ನು ಬಿಡುವ ರೋಗಿಯು ಮೂರ್ಖನೆಂದು ತಿಳಿಯುವವರಿಗೆ ಈ ಮಾತನ್ನು ಒತ್ತಿ ಹೇಳುವೆನು. ಅವನು ತೂಗಿನೋಡಿಯೇ ಬಿಡುತ್ತಾನೆ. ಆದರೆ ಅವನ ತಕ್ಕಡಿಯ ಒಂದು ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಕಷ್ಟಗಳೆಲ್ಲ ಇರುತ್ತವೆ. ಇನ್ನೊಂದು ತಟ್ಟೆಯಲ್ಲಿರುವ ರೋಗವು ಔಷಧದ ದೆಸೆಯಿಂದಲೇ ಕಣ್ಣಿಗೆ ಕಾಣದಂತಾಗಿರುತ್ತದೆ.

ಇವುಗಳೊಡನೆ ಇನ್ನೊಂದು ಕಾರಣವೂ ನನಗಿತ್ತು. ಅದನ್ನು ಈ ಸ್ಥಳದಲ್ಲಿ ಮುಚ್ಚಿಡಲಾರೆನು. ೨೦೧೬ರ ಶ್ರಾವಣದಲ್ಲಿ ತಿಂಗಳು ಪರ್ಯಂತ ಪುರಾಣ ಹೇಳುವ ಸೇವೆಯು ನನ್ನ ಪಾಲಿಗೆ ಬಂದಿತು. ಸೋಮವಾರಗಳಂದು ನಿರಾಹಾರವಿರಬೇಕೆಂದು ನಿಯಮ ಮಾಡಿಕೊಂಡೆನು. ಕೊರಳಲ್ಲಿ ಲಿಂಗವಿರುವವನಿಗೆ ಗುಳಿಗೆಯ ಹಂಗು ಏತಕ್ಕೆಂದು ನನ್ನೊಳಗೆ ಒಂದು ಮಾತು ಎದ್ದಿತು. ಅದನ್ನು ನಾನು ಭಕ್ತಿಯೆಂದು ತಿಳಿದೆನು. ಇಂದು ನೋಡಿದರೆ ಅದರಲ್ಲಿ ಭಕ್ತಿಗಿಂತ ಹೆಮ್ಮೆಯು ಹೆಚ್ಚಾಗಿತ್ತು. ಹಾಗೆ ಮಾಡೆಂದು ಯಾವ ಗುರುವೂ ನನಗೆ ಹೇಳಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ರೋಗಿಗಳಿಗೆ ಚಿಕಿತ್ಸೆ ಮಾಡುವದೇ ಅವನ ಕಾಯಕವಾಗಿತ್ತು. ವೈದ್ಯವೃತ್ತಿಯನ್ನೂ ಕಾಯಕವೆಂದು ಮನ್ನಿಸಿದ ಪರಂಪರೆಯಲ್ಲಿ ಹುಟ್ಟಿ, ಮದ್ದು ಕೊಳ್ಳುವದನ್ನು ನಂಬಿಗೆಯ ಕೊರತೆಯೆಂದು ಬಗೆದುದು ನನ್ನ ಸ್ವಂತದ ಅಜ್ಞಾನವು.

ಶ್ರಾವಣದ ಮೊದಲನೆಯ ದಿನ ನಾಲ್ಕೂ ಗುಳಿಗೆಗಳನ್ನು ಒಮ್ಮೆಲೆ ನಿಲ್ಲಿಸಿದೆನು. ಮನೆಯಲ್ಲಿ ತಿಳಿಯಬಾರದೆಂದು ದಿನವೂ ನಾಲ್ಕನ್ನು ಪೊಟ್ಟಣದಿಂದ ಬಿಡಿಸಿ, ಶಾಲೆಯ ಕಾಲದ ಒಂದು ಸೀಮೆಸುಣ್ಣದ ಡಬ್ಬಿಯೊಳಗೆ ಹಾಕುತ್ತಿದ್ದೆನು. ನನ್ನ ಮನೆಯವರು, "ಗುಳಿಗಿ ತೊಗೊಂಡ್ರೇನ್ರಿ?" ಎಂದು ಕೇಳಿದರೆ ಹೂಂಗುಟ್ಟುತ್ತಿದ್ದೆನು.

ಮೊದಲನೆಯ ವಾರ ಏನೂ ಆಗಲಿಲ್ಲ. ಪುರಾಣವು ಚೆನ್ನಾಗಿ ನಡೆಯಿತು. ನಾನು ಮನಸ್ಸಿನಲ್ಲಿಯೇ ಹಿಗ್ಗಿದೆನು. ಎರಡನೆಯ ವಾರ ಓಕರಿಕೆ, ಮೈಕೈ ನೋವು, ಎದ್ದು ನಿಂತರೆ ತಲೆ ಸುತ್ತುವದು. ಉಪವಾಸದಿಂದಾದುದೆಂದು ತಿಳಿದೆನು. ಅದು ಉಪವಾಸದಿಂದಾದುದಲ್ಲವೆಂದು ಆಮೇಲೆ ತಿಳಿಯಿತು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಗ್ರಂಥಿಗಳು, ಪ್ರೆಡ್ನಿಸೊಲೋನಿಗೆ ಸಮನಾದ ಒಂದು ರಸವನ್ನು ತಾವೇ ದಿನವೂ ತಯಾರಿಸುತ್ತವೆ. ಅದರ ಪ್ರಮಾಣವು ಸುಮಾರು ೫ ಮಿಲಿಗ್ರಾಮಿನ ಗುಳಿಗೆಗೆ ಸಮ. ಹೊರಗಿನಿಂದ ಬಹುಕಾಲ ಹೆಚ್ಚಾಗಿ ಬಂದರೆ ಆ ಗ್ರಂಥಿಗಳು ತಮ್ಮ ಕೆಲಸವನ್ನು ಮರೆತು ಮಲಗುತ್ತವೆ. ಹೊರಗಿನದನ್ನು ಒಮ್ಮೆಲೆ ನಿಲ್ಲಿಸಿದರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ರಕ್ತದ ಒತ್ತಡವು ಕುಸಿದು ಅದರಿಂದಲೇ ಪ್ರಾಣ ಹೋಗಬಹುದು. ಈ ಅಪಾಯವು ನನ್ನ ರೋಗದವರಿಗಷ್ಟೇ ಇರುವದಲ್ಲ. ಉಬ್ಬಸಕ್ಕಾಗಲಿ, ಕೀಲುನೋವಿಗಾಗಲಿ, ಬಹುಕಾಲ ಈ ಜಾತಿಯ ಗುಳಿಗೆಯನ್ನು ಸೇವಿಸಿದವರೆಲ್ಲರಿಗೂ ಇರುವದು.

ಮೂರನೆಯ ವಾರದ ಕೊನೆಗೆ ಪುರಾಣದ ಅಂತ್ಯದಲ್ಲಿ ಧ್ವನಿಯು ಮೂಗಿಗೇರಿತು. ನಾನು ಅಧ್ಯಾಯಗಳನ್ನು ಚಿಕ್ಕದು ಮಾಡಿದೆನು. ಕುಡಿದ ನೀರು ಮೂಗಿನಿಂದ ಬಂದಿತು. ಯಾರೂ ಇಲ್ಲದಾಗ ನೀರು ಕುಡಿಯತೊಡಗಿದೆನು. ಇಪ್ಪತ್ತುನಾಲ್ಕನೆಯ ದಿನ ಜ್ವರ, ಕೆಮ್ಮು. ಹತ್ತಿರದ ಒಬ್ಬ ವೈದ್ಯರಲ್ಲಿಗೆ ಹೋದೆನು. ನನಗೆ ಇಂಥ ರೋಗವಿದೆಯೆಂದು ಅವರಿಗೆ ಹೇಳಲಿಲ್ಲ. ಹೇಳಿದರೆ ಗುಳಿಗೆಯ ಮಾತು ಹೊರಬೀಳುತ್ತಿತ್ತು. ಅವರು ಜ್ವರಕ್ಕೆ ಸರಿಯೆನಿಸಿದ ಒಂದು ಚುಚ್ಚುಮದ್ದನ್ನು ಕೊಟ್ಟರು. ಅದು ನರ-ಸ್ನಾಯುಗಳ ಸಂದಿನ ಕೆಲಸವನ್ನು ಇನ್ನಷ್ಟು ಕುಗ್ಗಿಸುವ ಜಾತಿಯ ಮದ್ದಾಗಿತ್ತು. ಆ ವೈದ್ಯರಲ್ಲಿ ತಪ್ಪಿಲ್ಲ. ಅವರಿಗೆ ತಿಳಿಸಬೇಕಾದವನು ನಾನು. ಇಪ್ಪತ್ತಾರನೆಯ ರಾತ್ರಿ ಮಲಗಿದರೆ ಉಸಿರು ನಿಲ್ಲುವಂತಾಯಿತು, ಕುಳಿತೇ ಬೆಳಗುಮಾಡಿದೆನು. ಬೆಳಗಿನಲ್ಲಿ ಮಗಳು ಬಂದು ನೋಡಿ ದೊಡ್ಡ ಆಸ್ಪತ್ರೆಗೆ ಸಾಗಿಸಿದಳು.

ಒಂಬತ್ತು ದಿನ ನನ್ನ ಉಸಿರನ್ನು ಯಂತ್ರವು ನಡೆಸಿತು. ದಿನ ಬಿಟ್ಟು ದಿನದಂತೆ ಐದು ಸಾರೆ ನನ್ನ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಬಾಗಿಲು ಮುರಿಯುವ ದ್ರವ್ಯಗಳನ್ನು ಹೊತ್ತ ತಿಳಿಭಾಗವನ್ನು ತೆಗೆದು ಬೇರೆಯದನ್ನು ತುಂಬಿದರು. ಆ ದಿನಗಳಲ್ಲಿ ಕಣ್ಣಿನ ರೆಪ್ಪೆಯನ್ನು ಎತ್ತುವ ಶಕ್ತಿಯೂ ನನಗಿರಲಿಲ್ಲ. ಆದರೆ ಎಚ್ಚರವಿತ್ತು, ಕಿವಿ ಕೇಳುತ್ತಿತ್ತು. ಈ ರೋಗವು ಬುದ್ಧಿಯನ್ನು ಮುಟ್ಟುವದಿಲ್ಲ. ನಿದ್ರಿಸುತ್ತಿರುವೆನೆಂದು ತಿಳಿದು ಸುತ್ತಲಿನವರು ಆಡಿದ ಮಾತುಗಳನ್ನು ನಾನು ಕೇಳಿದೆನು. ನನ್ನ ಮನೆಯವರು ಸೀಮೆಸುಣ್ಣದ ಡಬ್ಬಿಯನ್ನು ಕಂಡುಹಿಡಿದಿದ್ದರು. ಗುಳಿಗೆಗಳನ್ನು ಎಣಿಸಿದ್ದರು. ನೂರಾ ನಾಲ್ಕು. ಇಪ್ಪತ್ತಾರು ನಾಲ್ಕಲೆ ನೂರಾ ನಾಲ್ಕು. ಲೆಕ್ಕದ ಮಾಸ್ತರನ ಹೆಂಡತಿಗೆ ಲೆಕ್ಕ ತಪ್ಪಲಿಲ್ಲ. ಅವರು ಮಂಚದ ಬಳಿ ಕುಳಿತು, "ಬಿಡಬೇಕಂತ ಅನಿಸಿದ್ರ ನನಗ ಒಂದು ಮಾತು ಹೇಳಬಾರದಾಗಿತ್ತೇನ್ರೀ?" ಎಂದು ಕೇಳಿದರು. ಉತ್ತರ ಕೊಡಲು ನನಗೆ ಬಾಯಿರಲಿಲ್ಲ. ಬಾಯಿ ಇದ್ದಿದ್ದರೂ ಉತ್ತರವಿರಲಿಲ್ಲ.

ಯಂತ್ರದಿಂದ ಬಿಡುಗಡೆಯಾದ ಬಳಿಕ ನನ್ನ ವೈದ್ಯರು ಬಂದು ಕುಳಿತರು. ಬೈಯುವರೆಂದು ಎಣಿಸಿದ್ದೆನು. ಅವರು ಹೇಳಿದ ಮಾತೇ ಬೇರೆ: "ಮಾಸ್ತರೇ, ಪ್ರೆಡ್ನಿಸೊಲೋನನ್ನು ಇಳಿಸಬೇಕೆಂದು ನನ್ನ ಮನಸ್ಸಿನಲ್ಲಿಯೂ ಇತ್ತು. ಮುಂದಿನ ಸಾರೆ ನೀವು ಬಂದಾಗ ಆರಂಭಿಸುವವನಿದ್ದೆನು. ಗುಳಿಗೆಯು ನಿಮ್ಮನ್ನು ಎಷ್ಟು ಪೀಡಿಸುತ್ತಿದೆಯೆಂದು ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ."

ಬಂಧುಗಳೇ, ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಇದೊಂದೇ. ಔಷಧವನ್ನು ಕಡಿಮೆ ಮಾಡಬೇಕೆಂಬ, ಸಾಧ್ಯವಾದರೆ ಬಿಡಬೇಕೆಂಬ ಆಸೆಯು ಪಾಪವಲ್ಲ. ವೈದ್ಯಶಾಸ್ತ್ರಕ್ಕೂ ಅದೇ ಆಸೆಯಿದೆ. ಎದೆಯಲ್ಲಿರುವ ಥೈಮಸ್ ಎಂಬ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಲಾಭವಿದೆಯೇ ಎಂದು ಅನೇಕ ದೇಶಗಳ ವೈದ್ಯರು ಕೂಡಿ ೧೨೬ ರೋಗಿಗಳಲ್ಲಿ ಪರೀಕ್ಷಿಸಿ, ನಾನು ಗುಳಿಗೆ ಬಿಟ್ಟ ಅದೇ ೨೦೧೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗ್ರಂಥಿಯನ್ನು ತೆಗೆದವರ ಬಲವು ಹೆಚ್ಚಿತು. ಅವರಿಗೆ ಬೇಕಾದ ಸ್ಟೀರಾಯ್ಡಿನ ಪ್ರಮಾಣವೂ ಇಳಿಯಿತು. ಅದಾದ ಮೇಲೆ ಬೇರೆ ಬಗೆಯ ಹೊಸ ಮದ್ದುಗಳೂ ಬಂದಿವೆ. ಕೆಲವು ರೋಗಿಗಳಿಗೆ ವೈದ್ಯರ ಕಣ್ಣೆದುರಿನಲ್ಲಿ ಎಲ್ಲ ಔಷಧಗಳೂ ನಿಂತದ್ದುಂಟು. ಆದುದರಿಂದ ಬಿಡುವ ಆಸೆಯಲ್ಲಿ ತಪ್ಪಿಲ್ಲ. ಗುಟ್ಟಾಗಿ ಬಿಡುವದರಲ್ಲಿ, ಒಮ್ಮೆಲೆ ಬಿಡುವದರಲ್ಲಿ ತಪ್ಪಿದೆ. ಬಾವಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿಯುವವನೂ ನೀರನ್ನು ಮುಟ್ಟುವನು, ದಡದಿಂದ ಹಾರುವವನೂ ಮುಟ್ಟುವನು. ಈಜು ಬಾರದವನಿಗೆ ಯಾವ ದಾರಿ ಹಿತವೆಂದು ನಾನು ಹೇಳಬೇಕಾದುದಿಲ್ಲ. ನನ್ನ ಪ್ರೆಡ್ನಿಸೊಲೋನು ಆಮೇಲೆ ಎರಡು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ೫ ಮಿಲಿಗ್ರಾಮಿಗೆ ಇಳಿಯಿತು. ಮೋರೆಯ ಊತ ಹೋಯಿತು. ಸಕ್ಕರೆ ಹತೋಟಿಗೆ ಬಂದಿತು. ನಾನು ಬಯಸಿದುದರ ಬಹುಭಾಗವು ಕೇಳಿದ್ದರೆ ದೊರೆಯುತ್ತಿತ್ತು.

ಆಸ್ಪತ್ರೆಯಿಂದ ಬಂದು ಶ್ರೀ ಸನ್ನಿಧಿಯವರ ದರ್ಶನ ಪಡೆದು ನಡೆದುದನ್ನೆಲ್ಲ ಅರಿಕೆ ಮಾಡಿಕೊಂಡೆನು. ಸನ್ನಿಧಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಿಂಗಕ್ಕೆ ಅರ್ಪಿಸದೆ ಏನನ್ನೂ ಕೊಳ್ಳಬಾರದೆಂಬದು ನಿಮಗೆ ಗೊತ್ತಷ್ಟೆ? ಗುಳಿಗೆಯನ್ನೂ ಅರ್ಪಿಸಿಯೇ ಕೊಳ್ಳಿರಿ. ಪ್ರಸಾದವಾದ ಬಳಿಕ ಕಹಿಯೆಂದು ಚೆಲ್ಲುವವರುಂಟೇ?" ಎಂದು ಅಪ್ಪಣೆಕೊಡಿಸಿದರು. ಮುಂದಿನ ವರ್ಷದಿಂದ ಶ್ರಾವಣದ ಪುರಾಣಸೇವೆಯನ್ನು ಮೂವರು ಹಂಚಿಕೊಳ್ಳುವಂತೆ ಏರ್ಪಾಡು ಮಾಡಿಸಿದರು. ದಿನಕ್ಕೆ ಇಪ್ಪತ್ತು ನಿಮಿಷವು ನನ್ನ ಪಾಲು. ಆ ಇಪ್ಪತ್ತು ನಿಮಿಷದಲ್ಲಿ ಹಿಂದಿನ ಎರಡು ತಾಸುಗಳಿಗಿಂತ ಹೆಚ್ಚಿನ ಸಂತೋಷವನ್ನು ಪಡೆದಿರುವೆನು.

ಇನ್ನು ರೋಗಿಗಳಿಗೂ ಅವರ ಮನೆಯವರಿಗೂ ಕೆಲವು ಉಪಯುಕ್ತ ಸಂಗತಿಗಳನ್ನು ಹೇಳಿ ಮುಗಿಸುವೆನು.

ಮೊದಲನೆಯದು: ರೋಗದ ಹೆಸರು, ಔಷಧಗಳ ಹೆಸರು, ಪ್ರಮಾಣ, ವೈದ್ಯರ ದೂರವಾಣಿ, ಇವನ್ನು ಒಂದು ಚೀಟಿಯಲ್ಲಿ ಬರೆದು ಯಾವಾಗಲೂ ಕಿಸೆಯಲ್ಲಿಟ್ಟುಕೊಳ್ಳಬೇಕು. ಹಲ್ಲಿನ ವೈದ್ಯರಾಗಲಿ, ಜ್ವರಕ್ಕೆ ಮದ್ದು ಕೊಡುವವರಾಗಲಿ, ಎಲ್ಲರಿಗೂ ಅದನ್ನು ತೋರಿಸಬೇಕು. ಜೆಂಟಾಮೈಸಿನ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್, ಮಲೇರಿಯಕ್ಕೆ ಕೊಡುವ ಕ್ವಿನೀನ್, ರಕ್ತನಾಳಕ್ಕೆ ಚುಚ್ಚುವ ಮೆಗ್ನೀಸಿಯಂ, ಪ್ರೊಪ್ರನೊಲಾಲಿನಂಥ ಕೆಲವು ಹೃದಯದ ಮದ್ದುಗಳು, ಇವು ಈ ರೋಗವನ್ನು ಕೆರಳಿಸಬಲ್ಲವು. ಇವುಗಳಲ್ಲಿ ಯಾವದನ್ನು ಕೊಡಬಹುದು, ಯಾವದನ್ನು ಕೊಡಲಾಗದೆಂದು ಗೊತ್ತುಮಾಡುವದು ವೈದ್ಯರ ಕೆಲಸ; ತಿಳಿಸುವದು ನಮ್ಮ ಕೆಲಸ.

ಎರಡನೆಯದು: ಪಿರಿಡೊಸ್ಟಿಗ್ಮಿನಿನ ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತು ಎರಡನ್ನು ನುಂಗಬಾರದು. ಅದು ಅತಿಯಾದರೂ ಸ್ನಾಯುಗಳು ಸೋಲುತ್ತವೆ. ಜೊಲ್ಲು ಸುರಿಯುವದು, ಹೊಟ್ಟೆ ನುಲಿಯುವದು. ಆಯುರ್ವೇದವನ್ನಾಗಲಿ ನಾಟಿ ಔಷಧವನ್ನಾಗಲಿ ಸೇವಿಸುವವರು ಇಬ್ಬರು ವೈದ್ಯರಿಗೂ ಅದನ್ನು ತಿಳಿಸಬೇಕು. ಒಂದನ್ನು ಹಿಡಿಯುವದಕ್ಕಾಗಿ ಇನ್ನೊಂದನ್ನು ಒಳಗೊಳಗೇ ಕೈಬಿಡಬಾರದು.

ಮೂರನೆಯದು: ನೀರು ಮೂಗಿನಿಂದ ಬಂದರೆ, ಉಗುಳನ್ನು ನುಂಗಲಾಗದಿದ್ದರೆ, ಕೆಮ್ಮುವ ಬಲ ಕುಂದಿದರೆ, ಅಂಗಾತ ಮಲಗಿದಾಗ ಉಸಿರು ಸಾಲದಿದ್ದರೆ, ಬೆಳಗಾಗಲೆಂದು ಕಾಯಬಾರದು. ಆ ಕ್ಷಣವೇ ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯನ್ನು ವೈದ್ಯರು ನನಗೆ ಕಲಿಸಿದರು. ತುಂಬ ಉಸಿರನ್ನು ಎಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುವದು. ನನ್ನ ಎಣಿಕೆ ದಿನವೂ ಮೂವತ್ತೈದರ ಆಚೆಗೆ ಹೋಗುವದು. ಅದು ಇಳಿಯುತ್ತ ಬಂದರೆ ಎಚ್ಚರಪಡಬೇಕು. ಇಪ್ಪತ್ತನ್ನೂ ಮುಟ್ಟದಿದ್ದರೆ ತಡಮಾಡಬಾರದು. ಮೂವತ್ತು ವರ್ಷ ಮಕ್ಕಳಿಂದ ಮಗ್ಗಿ ಹೇಳಿಸಿದವನು ಈಗ ಬೆಳಿಗ್ಗೆ ಲಿಂಗಪೂಜೆಯ ಬಳಿಕ ಮಗುವಿನಂತೆ ಅಂಕೆಗಳನ್ನು ಎಣಿಸುವೆನು. ಮೊಮ್ಮಗಳು ಬೆರಳು ಮಡಿಚಿ ಲೆಕ್ಕವಿಡುವಳು.

ನಾಲ್ಕನೆಯದು ರೋಗಿಯ ಬಂಧುಗಳಿಗೆ. ದೀರ್ಘರೋಗಿಯು ನೋಡಲು ಚೆನ್ನಾಗಿದ್ದಾನೆಂದು ಅವನಿಗೆ ಔಷಧ ಬೇಡವೆನ್ನಬೇಡಿರಿ. ಅವನ ಚೆಲುವು ಔಷಧದಿಂದಲೇ ಬಂದುದಾಗಿರಬಹುದು. "ಗುಳಿಗೆ ತೆಗೆದುಕೊಂಡೆಯಾ?" ಎಂದು ಕಾವಲುಗಾರನಂತೆ ಕೇಳುವದರ ಜೊತೆಗೆ, "ಗುಳಿಗೆಯಿಂದ ನಿನಗೆ ಏನು ತೊಂದರೆಯಾಗುತ್ತಿದೆ?" ಎಂದೂ ಕೇಳಿರಿ. ಮೊದಲನೆಯ ಪ್ರಶ್ನೆಗೆ ಸುಳ್ಳು ಹೇಳುವದು ಸುಲಭ. ನಾನು ಇಪ್ಪತ್ತಾರು ದಿನ ಹೇಳಿದೆನು. ಎರಡನೆಯ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ನಾನು ನಿಜವನ್ನೇ ಹೇಳುತ್ತಿದ್ದೆನೆಂದು ತೋರುವದು. ಔಷಧದ ವೆಚ್ಚವು ಯಾರಿಗಾದರೂ ಭಾರವಾಗಿದ್ದರೆ ಅದನ್ನು ಮಠದಲ್ಲಿ ಹೇಳಿಕೊಳ್ಳಲು ನಾಚಬೇಡಿರಿ. ಹಸಿದವನಿಗೆ ಅನ್ನವಿಕ್ಕುವದು ದಾಸೋಹವಾದರೆ ರೋಗಿಗೆ ಗುಳಿಗೆ ಒದಗಿಸುವದೂ ದಾಸೋಹವೇ.

ನನ್ನ ಧ್ವನಿಯು ದಣಿಯುತ್ತಿರುವದನ್ನು ತಾವು ಗಮನಿಸಿರಬಹುದು. ಆ ಸೀಮೆಸುಣ್ಣದ ಡಬ್ಬಿಯು ಇಂದಿಗೂ ನಮ್ಮ ಮನೆಯಲ್ಲಿದೆ. ಈಗ ಅದರಲ್ಲಿ ಆ ದಿನದ ಗುಳಿಗೆಗಳನ್ನು ಹಾಕಿ ಪೂಜೆಯ ಜಗಲಿಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಇಡುತ್ತೇವೆ. ಸಂಜೆಗೆ ಅದು ಬರಿದಾಗಿರಬೇಕು. ಬರಿದಾಗದಿದ್ದರೆ ಯಾರಾದರೂ ನನ್ನನ್ನು ಕೇಳಬೇಕು. ಕೇಳಿದವರಿಗೆ ನಾನು ನಿಜವನ್ನು ಹೇಳಬೇಕು. ಇದೇ ನಮ್ಮ ಮನೆಯ ಈಗಿನ ನೇಮ.

ನಿಮ್ಮಲ್ಲಿ ಯಾರಾದರೂ ಇಂಥದೊಂದು ಡಬ್ಬಿಯನ್ನು ಮನೆಯಲ್ಲಿ ಬಚ್ಚಿಟ್ಟಿದ್ದರೆ, ಈ ಹೊತ್ತು ಮನೆಗೆ ಹೋದ ಮೇಲೆ ಒಬ್ಬರಿಗಾದರೂ ಆ ಮಾತನ್ನು ಹೇಳಿರಿ. ನಾಳೆಯೇ ವೈದ್ಯರನ್ನು ಕಾಣಿರಿ.